ಎರಡು ತಿಂಗಳು ಕೆಟ್ಟು ಕೂತ ಹಾಜರಿ ಯಂತ್ರ: ನರಸಾಪುರದ ಒಂದು ಪ್ರಕರಣ

ಕೋಲಾರದಲ್ಲಿ ಬಿ.ಕಾಂ. ಮಕ್ಕಳಿಗೆ ವ್ಯವಹಾರ ನೀತಿಯ ಪಾಠ ಮಾಡುವ ನಮ್ಮಂಥವರಿಗೆ ಒಂದು ಅನುಕೂಲವಿದೆ. ಪಠ್ಯಪುಸ್ತಕದ ಉದಾಹರಣೆಗಳೆಲ್ಲ ಸಮುದ್ರದಾಚೆಯವು. ಆದರೆ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಪ್ರಕರಣವೊಂದು ನಮ್ಮ ಬಳಿಯೇ ಇದೆ: 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ನಡೆದ ಕಾರ್ಮಿಕರ ಗಲಾಟೆ. ನರಸಾಪುರ ಎಂದ ಕೂಡಲೇ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಒಬ್ಬರ ಅಣ್ಣ ಅಲ್ಲಿ ಕೆಲಸಕ್ಕಿದ್ದ, ಇನ್ನೊಬ್ಬರ ಚಿಕ್ಕಪ್ಪನ ಮಗಳು ಈಗಲೂ ಇದ್ದಾಳೆ.

'ನೀತಿಯಿಂದ ನಡೆದ ಕಂಪನಿಗೆ ಲಾಭವಾಗುತ್ತದೆಯೇ?' ಎಂದು ಕೇಳಿದರೆ ಪರೀಕ್ಷೆಯಲ್ಲಿ ಎಲ್ಲರೂ ಹೌದು ಎಂದೇ ಬರೆಯುತ್ತಾರೆ. ಅಂಕ ಹೌದಿಗೇ ತಾನೆ ಬರುವುದು? ನರಸಾಪುರದ ಪ್ರಕರಣ ಅಷ್ಟು ಸಲೀಸಾಗಿ ಹೌದು ಎನ್ನುವುದಿಲ್ಲ. ಅದಕ್ಕೇ ಅದನ್ನು ಪ್ರತಿ ವರ್ಷ ತೆಗೆದುಕೊಳ್ಳುತ್ತೇನೆ.

ಕೆಲಸ ಬಂತು ಎಂಬ ಸಂಭ್ರಮ

ಕೋಲಾರ ಜಿಲ್ಲೆಗೆ ಕಾರ್ಖಾನೆ ಎಂದರೆ ಏನೆಂದು ತಿಳಿಯಬೇಕಾದರೆ ಕೆಜಿಎಫ್‌ನಿಂದ ಶುರು ಮಾಡಬೇಕು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಲ್ಲಿಂದಾಚೆ ಅಲ್ಲಿನ ಒಂದು ಇಡೀ ತಲೆಮಾರು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸು ಬರುವುದನ್ನೇ ಬದುಕು ಮಾಡಿಕೊಂಡಿತು. ಇತ್ತ ಹೆದ್ದಾರಿಯ ಕಡೆ ನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು; 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾಯಿತು. ಆಮೇಲೆ ಬಂದದ್ದು ತೈವಾನ್ ಮೂಲದ ವಿಸ್ಟ್ರಾನ್. ಬೆಂಗಳೂರಿನ ಪೀಣ್ಯದಲ್ಲಿ 2017ರಿಂದಲೇ ಆಪಲ್ ಕಂಪನಿಗೆ ಐಫೋನ್ ಜೋಡಿಸಿಕೊಡುತ್ತಿದ್ದ ಸಂಸ್ಥೆ ಅದು. ನರಸಾಪುರದಲ್ಲಿ 43 ಎಕರೆ ಜಮೀನು, ಹತ್ತು ಸಾವಿರ ಉದ್ಯೋಗದ ಭರವಸೆ. ಐಟಿಐ, ಡಿಪ್ಲೊಮಾ, ಬಿ.ಇ. ಮುಗಿಸಿ ಮನೆಯಲ್ಲಿ ಕೂತಿದ್ದವರಿಗೆ ಇದು ಎಷ್ಟು ದೊಡ್ಡ ಸುದ್ದಿಯಾಗಿತ್ತು ಎಂದು ಬೆಂಗಳೂರಿನವರಿಗೆ ಅರ್ಥ ಮಾಡಿಸುವುದು ಕಷ್ಟ.

ಕಾರ್ಖಾನೆ ಚಾಲೂ ಆದ 2020ರಲ್ಲೇ ಕೇಂದ್ರ ಸರ್ಕಾರ ಮೊಬೈಲ್ ತಯಾರಿಕೆಗೆ ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಯೋಜನೆ ತಂದಿತ್ತು. 2019-20ರ ಮಾರಾಟವನ್ನು ತಳಹದಿಯಾಗಿಟ್ಟು, ಅದಕ್ಕಿಂತ ಹೆಚ್ಚಾಗಿ ಮಾರಿದ ಮೊತ್ತದ ಮೇಲೆ ಶೇ 4ರಿಂದ 6ರಷ್ಟು ಹಣ. ಅಕ್ಟೋಬರ್‌ನಲ್ಲಿ ಅನುಮೋದನೆ ಪಡೆದ ಕಂಪನಿಗಳ ಪಟ್ಟಿಯಲ್ಲಿ ವಿಸ್ಟ್ರಾನ್ ಹೆಸರೂ ಇತ್ತು. ಎಷ್ಟು ಬೇಗ ಎಷ್ಟು ಹೆಚ್ಚು ಮಾಡಿದರೆ ಅಷ್ಟು ಲಾಭ ಎನ್ನುವ ಲೆಕ್ಕವಿದು. ತಪ್ಪೇನಿಲ್ಲ. ಆದರೆ ಈ ಪ್ರಕರಣದ ಅವಸರಕ್ಕೆ ಬೇರು ಎಲ್ಲಿದೆ ಎಂದು ಹುಡುಕುವವರು ಈ ಕಡೆಯೂ ಕಣ್ಣು ಹಾಯಿಸಬೇಕು.

ಜನ ಹೆಚ್ಚಾದರು, ಎಣಿಸುವವರು ಹೆಚ್ಚಾಗಲಿಲ್ಲ

ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಘಟನೆಯ ನಂತರ ಕೊಟ್ಟ ವರದಿಯಲ್ಲಿ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಐದು ಸಾವಿರವಿದ್ದ ಕಾರ್ಮಿಕರ ಸಂಖ್ಯೆ ಅಲ್ಪಾವಧಿಯಲ್ಲಿ 10,500ಕ್ಕೆ ಏರಿತ್ತು. ಆದರೆ ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿಯಿರುವ ಮಾನವ ಸಂಪನ್ಮೂಲ ವಿಭಾಗವನ್ನು ಅದಕ್ಕೆ ತಕ್ಕಂತೆ ಕಟ್ಟಿರಲಿಲ್ಲ. ಅಕ್ಟೋಬರ್‌ನಲ್ಲಿ ಎಂಟು ಗಂಟೆಯ ಪಾಳಿಯನ್ನು ಹನ್ನೆರಡು ಗಂಟೆಗೆ ಬದಲಿಸಲಾಯಿತು. ಹೊಸ ಪಾಳಿಯಲ್ಲಿ ಸಂಬಳ ಹೇಗೆ, ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆಯ ಹಣ) ಹೇಗೆ ಎಂದು ಕಾರ್ಮಿಕರಿಗೆ ಸ್ಪಷ್ಟವಾಗಲಿಲ್ಲ. ಇದೇ ಹೊತ್ತಿಗೆ ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತು. ಎರಡು ತಿಂಗಳು ಅದನ್ನು ಸರಿಪಡಿಸಲಿಲ್ಲ.

ಎರಡು ತಿಂಗಳು! ಅದೇ ಕಾರ್ಖಾನೆಯಲ್ಲಿ ಫೋನಿನ ಪರದೆ ಕೂರಿಸುವ ಯಂತ್ರ ಎರಡು ಗಂಟೆ ನಿಂತಿದ್ದರೆ ಎಷ್ಟು ಜನ ಓಡಿ ಬರುತ್ತಿದ್ದರು ಎಂದು ಕೇಳಿದರೆ ಮಕ್ಕಳು ನಗುತ್ತಾರೆ. ಯಾವ ಯಂತ್ರ ಕೆಟ್ಟರೆ ಯಾರು ಓಡುತ್ತಾರೆ ಎನ್ನುವುದರಲ್ಲಿ ಒಂದು ಕಂಪನಿಯ ನೀತಿ ಕಾಣುತ್ತದೆ. ಗೋಡೆಗೆ ತೂಗುಹಾಕಿದ ಧ್ಯೇಯವಾಕ್ಯದಲ್ಲಿ ಅದು ಕಾಣುವುದಿಲ್ಲ.

ದುಡಿಯುತ್ತಿದ್ದವರಲ್ಲಿ ಕಾಯಂ ನೌಕರರು 1,343 ಮಂದಿ. ಗುತ್ತಿಗೆಯವರು 8,490, ಇವರನ್ನು ಆರು ಸಂಸ್ಥೆಗಳ ಮೂಲಕ ತೆಗೆದುಕೊಳ್ಳಲಾಗಿತ್ತು. ಅಂದರೆ ನೂರಕ್ಕೆ 86 ಜನ ಕಂಪನಿಯ ಗೇಟಿನೊಳಗೆ, ಕಂಪನಿಯ ಯಂತ್ರದ ಮುಂದೆ, ಕಂಪನಿ ಹೇಳಿದ ಹೊತ್ತಿಗೆ ದುಡಿಯುತ್ತಿದ್ದರೂ ಕಾಗದದ ಮೇಲೆ ಕಂಪನಿಯವರಲ್ಲ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಸಂಬಳ ಕಡಿಮೆ ಬಂದವನು ಯಾರನ್ನು ಕೇಳಬೇಕು? ಗುತ್ತಿಗೆ ಸಂಸ್ಥೆಯವರು ಹಾಜರಿ ಕಂಪನಿಯಿಂದ ಬರಬೇಕು ಎನ್ನಬಹುದು, ಕಂಪನಿಯವರು ಸಂಬಳ ಹಾಕುವವರು ಅವರು ಎನ್ನಬಹುದು. ಇಬ್ಬರ ಮಾತೂ ಒಂದರ್ಥದಲ್ಲಿ ನಿಜವೇ. ನಡುವೆ ನಿಂತವನ ಮೊಬೈಲಿಗೆ ಮಾತ್ರ ಬ್ಯಾಂಕಿನ ಮೆಸೇಜು ಬಂದಾಗಿರುತ್ತದೆ.

ಆ ಮೆಸೇಜುಗಳಲ್ಲಿ ಏನಿತ್ತು? ತಿಂಗಳಿಗೆ ₹21,000 ಎಂದು ಸೇರಿಸಿಕೊಂಡ ಎಂಜಿನಿಯರಿಂಗ್ ಪದವೀಧರರಿಗೆ ₹16,000, ಆಮೇಲೆ ₹12,000 ಬಂದಿತೆಂದು ಕಾರ್ಮಿಕರು ಪತ್ರಿಕೆಗಳಿಗೆ ಹೇಳಿದರು. ₹500 ಮಾತ್ರ ಜಮೆಯಾಗಿದೆ ಎಂದವರೂ ಇದ್ದರು.

ಒಂದು ಸಂಬಳದ ಚೀಟಿ

ಇಲ್ಲಿ ಪಾಠ ನಿಲ್ಲಿಸಿ ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಹಾಕುತ್ತೇನೆ. ಇದು ವಿಸ್ಟ್ರಾನ್‌ನ ಯಾರದೋ ಸಂಬಳವಲ್ಲ, ನಾನೇ ಮಾಡಿಕೊಂಡ ಉದಾಹರಣೆ. ತಿಂಗಳಿಗೆ ₹13,000. ಇಪ್ಪತ್ತಾರು ದಿನಕ್ಕೆ ಭಾಗಿಸಿದರೆ ದಿನಕ್ಕೆ ₹500, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ₹62.50. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಮಿನ ಪ್ರಕಾರ ಓಟಿಗೆ ದುಪ್ಪಟ್ಟು ದರ, ಅಂದರೆ ₹125. ಯಂತ್ರ ಕೆಟ್ಟು ಒಬ್ಬ ಹುಡುಗಿಯ ಇಪ್ಪತ್ತು ಗಂಟೆಯ ಓಟಿ ದಾಖಲಾಗದೆ ಹೋದರೆ ಆಕೆಗೆ ₹2,500 ಖೋತಾ. ಅಂಥವರು ಸಾವಿರ ಮಂದಿಯಿದ್ದರೆ ₹25 ಲಕ್ಷ. ಕಂಪನಿಯ ಲೆಕ್ಕದಲ್ಲಿ ಚಿಲ್ಲರೆ ಹಣ, ಹುಡುಗಿಗೆ ತಿಂಗಳ ಮನೆ ಬಾಡಿಗೆ.

ಇದಕ್ಕೆ ಕಡಿತ ಸೇರಿಸಿ. ಪಿಎಫ್ (ಭವಿಷ್ಯನಿಧಿ) ಶೇ 12, ಅಂದರೆ ₹1,560. ಇಎಸ್‌ಐ (ಕಾರ್ಮಿಕರ ವಿಮೆ) ಶೇ 0.75, ಸುಮಾರು ₹98. ಎಲ್ಲವೂ ಕಾನೂನಿನ ಪ್ರಕಾರ ನೆಟ್ಟಗೆ ನಡೆದರೂ ಹದಿಮೂರು ಸಾವಿರ ಎಂದು ಕೇಳಿಸಿಕೊಂಡು ಬಂದವಳ ಕೈಗೆ ಸಿಗುವುದು ₹11,342. ಇದನ್ನು ಸೇರುವ ದಿನ ಯಾರಾದರೂ ಕೂತು ಕನ್ನಡದಲ್ಲಿ ಹೇಳಿದ್ದರೆ ಅದು ಕಡಿತ, ಹೇಳದಿದ್ದರೆ ಮೋಸ. ಕಾನೂನುಬದ್ಧ ಕಡಿತ, ಕೆಟ್ಟ ಯಂತ್ರ ನುಂಗಿದ ಗಂಟೆಗಳು, ಯಾರಾದರೂ ನಿಜವಾಗಿಯೂ ಹೊಡೆದ ಹಣ, ಇವು ಮೂರೂ ಕಾರ್ಮಿಕನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಬೇರ್ಪಡಿಸಿ ತೋರಿಸಬೇಕಾದ ಚೀಟಿಯೇ ಸರಿಯಿಲ್ಲದಾಗ ಅವನು ಮೂರನ್ನೂ ಕಳ್ಳತನದ ಖಾತೆಗೇ ಹಾಕುತ್ತಾನೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಒಂದು ವರ್ಷ ಈ ಲೆಕ್ಕ ಮುಗಿಸುವ ಹೊತ್ತಿಗೆ ಒಬ್ಬ ಹುಡುಗ ಎದ್ದು ನಿಂತ. ರಜೆಯಲ್ಲಿ ಬೇರೆ ಯಾವುದೋ ಕಾರ್ಖಾನೆಗೆ ಗುತ್ತಿಗೆಯ ಮೇಲೆ ಹೋಗಿದ್ದನಂತೆ. ಪರ್ಸಿನಿಂದ ನಾಲ್ಕಾಗಿ ಮಡಚಿದ ಸಂಬಳದ ಚೀಟಿ ತೆಗೆದು ಕೊಟ್ಟ. ಶಾಯಿ ಮಾಸಿ, ಮಡಿಕೆಯ ಗುಂಟ ಅಂಕಿಗಳು ಹರಿದುಹೋಗಿದ್ದವು. ಓಟಿ ಗಂಟೆ ಎಂಬ ಕಾಲಂನಲ್ಲಿ ಸೊನ್ನೆ, ಓಟಿ ಮೊತ್ತ ಎಂಬ ಕಾಲಂನಲ್ಲಿ ₹640. ಗಂಟೆಯಿಲ್ಲದೆ ಮೊತ್ತ ಎಲ್ಲಿಂದ ಬಂತು ಎಂದೆ. 'ಅದೇ ಸಾರ್, ನಾನೂ ಕೇಳಿದೆ. ಬಂದಿದೆಯಲ್ಲ, ಸುಮ್ಮನೆ ಇರು ಅಂದರು' ಎಂದ. ಹಣ ಬಂದಿತ್ತು, ನಂಬಿಕೆ ಬಂದಿರಲಿಲ್ಲ.

ಪಕ್ಕದಲ್ಲಿ ಕೂತವಳು ರೈತರ ಮನೆಯ ಹುಡುಗಿ. ಕೋಲಾರದ ಎಪಿಎಂಸಿಗೆ ಟೊಮೆಟೊ ತೆಗೆದುಕೊಂಡು ಹೋಗುವ ಅಪ್ಪನ ಬಗ್ಗೆ ಹೇಳಿದಳು. ಬಾಕ್ಸ್ ಇಳಿಸಿದ ಕೂಡಲೇ ಮಂಡಿಯವರು ಎಣಿಸಿ ಬರೆದುಕೊಳ್ಳುತ್ತಾರೆ, ಅಪ್ಪನೂ ಎಣಿಸಿ ಬರೆದುಕೊಳ್ಳುತ್ತಾರೆ. ಹರಾಜಿನಲ್ಲಿ ಬೆಲೆ ಬಿದ್ದರೆ ಬೈದುಕೊಂಡಾದರೂ ಸಹಿಸುತ್ತಾರಂತೆ. ಬಾಕ್ಸ್ ಲೆಕ್ಕ ಒಂದು ತಪ್ಪಿದರೆ ಜಗಳ. ಬೆಲೆ ಕಡಿಮೆಯಾದದ್ದಕ್ಕೂ ಲೆಕ್ಕ ತಪ್ಪಿದ್ದಕ್ಕೂ ಇರುವ ಈ ವ್ಯತ್ಯಾಸವನ್ನು ನಾನು ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಓದಿರಲಿಲ್ಲ.

ಡಿಸೆಂಬರ್ 12

ಸಾವಿರಕ್ಕಿಂತ ಹೆಚ್ಚು ಜನರಿರುವ ಕಡೆ ಹಿಂದಿನ ತಿಂಗಳ ಸಂಬಳ ಹತ್ತನೇ ತಾರೀಖಿನೊಳಗೆ ಕೈಸೇರಬೇಕು ಎಂದು 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಹತ್ತನೇ ತಾರೀಖು ಗುರುವಾರ ಬಂದಿತ್ತು. ಶನಿವಾರ ಬೆಳಿಗ್ಗೆ ಆರರ ಹೊತ್ತಿಗೆ, ರಾತ್ರಿ ಪಾಳಿಯವರು ಹೊರಬೀಳುವ ಸಮಯಕ್ಕೆ, ಗಲಾಟೆ ಶುರುವಾಯಿತು. ಗಾಜು ಪುಡಿಯಾಯಿತು, ವಾಹನಗಳು ಮಗುಚಿದವು, ಬೆಂಕಿ ಹತ್ತಿತು, ಕಚೇರಿಯ ಪೀಠೋಪಕರಣಗಳು ಚೂರಾದವು. ಆ ವಿಡಿಯೊಗಳನ್ನು ಎಲ್ಲರೂ ನೋಡಿದ್ದಾರೆ, ವಿವರಿಸುವ ಅಗತ್ಯವಿಲ್ಲ. ವೇಮಗಲ್ ಠಾಣೆಯಲ್ಲಿ ದಾಖಲಾದ ದೂರಿನಲ್ಲಿ ಆರೋಪಿಗಳು ಐದು ಸಾವಿರ ಗುತ್ತಿಗೆ ಕಾರ್ಮಿಕರು, ಎರಡು ಸಾವಿರ ಅಪರಿಚಿತರು. ಮೊದಲ ದಿನಗಳಲ್ಲೇ ನೂರಕ್ಕೂ ಹೆಚ್ಚು ಜನರ ಬಂಧನವಾಯಿತು.

ನಷ್ಟ ಎಷ್ಟು? ದೂರಿನಲ್ಲಿ ಕಂಪನಿ ಬರೆಸಿದ ಮೊತ್ತ ₹437 ಕೋಟಿ. ಕೆಲವೇ ದಿನಗಳಲ್ಲಿ ತೈವಾನ್ ಷೇರುಪೇಟೆಗೆ ಅದೇ ಕಂಪನಿ ಕೊಟ್ಟ ಮಾಹಿತಿಯಲ್ಲಿ 10 ಕೋಟಿಯಿಂದ 20 ಕೋಟಿ ತೈವಾನ್ ಡಾಲರ್, ಅಂದರೆ ಅಂದಿನ ದರದಲ್ಲಿ ಸುಮಾರು ₹26 ಕೋಟಿಯಿಂದ ₹52 ಕೋಟಿ. ಮುಖ್ಯ ಉತ್ಪಾದನಾ ಸೌಲಭ್ಯಕ್ಕೆ ಮೊದಲು ಭಾವಿಸಿದಷ್ಟು ಹಾನಿಯಾಗಿಲ್ಲ ಎಂದೂ ಅದರಲ್ಲಿ ಇತ್ತು. ಒಂದೇ ಒಡೆದ ಗಾಜು ಪೊಲೀಸರ ಮುಂದೆ ಒಂದು ಬೆಲೆಗೆ, ಹೂಡಿಕೆದಾರರ ಮುಂದೆ ಇನ್ನೊಂದು ಬೆಲೆಗೆ. ಗಡಿಬಿಡಿಯಲ್ಲಿ ಅಂದಾಜು ತಪ್ಪುವುದುಂಟು, ಒಪ್ಪುತ್ತೇನೆ. ಆದರೆ ಲೆಕ್ಕಶಾಸ್ತ್ರದ ಮಕ್ಕಳು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ಒಂದು ನಿಮಿಷ ನೋಡಲಿ ಎಂದು ಬಿಡುತ್ತೇನೆ.

ಗಾಜಿಗಿಂತ ದುಬಾರಿಯಾದದ್ದು

ಡಿಸೆಂಬರ್ 19ರಂದು ಆಪಲ್ ತನ್ನ ಪ್ರಾಥಮಿಕ ತನಿಖೆಯ ಸಾರ ಪ್ರಕಟಿಸಿತು. ಕೆಲಸದ ಗಂಟೆಗಳನ್ನು ನಿರ್ವಹಿಸುವ ಸರಿಯಾದ ಪದ್ಧತಿ ಜಾರಿ ಮಾಡದೆ ವಿಸ್ಟ್ರಾನ್ ತನ್ನ ಪೂರೈಕೆದಾರರಿಗೆಂದು ಆಪಲ್ ಬರೆದ ನೀತಿಸಂಹಿತೆಯನ್ನು ಉಲ್ಲಂಘಿಸಿದೆ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವು ಕಾರ್ಮಿಕರಿಗೆ ಪಾವತಿ ತಡವಾಗಿದೆ ಎಂದಿತು. ಸರಿಪಡಿಸುವ ಕ್ರಮಗಳು ಪೂರ್ತಿಯಾಗುವವರೆಗೆ ಕಂಪನಿ ಪರೀಕ್ಷಾರ್ಥ ನಿಗಾದಲ್ಲಿರುತ್ತದೆ, ಹೊಸ ವ್ಯವಹಾರ ಕೊಡುವುದಿಲ್ಲ ಎಂದೂ ಹೇಳಿತು. ಅದೇ ದಿನ ವಿಸ್ಟ್ರಾನ್ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಹೆಸರು ಹೇಳದೆ ದೂರು ಕೊಡಲು ದಿನವಿಡೀ ತೆರೆದಿರುವ ಸಹಾಯವಾಣಿ ಆರಂಭಿಸಿತು.

ನಿಜವಾದ ನಷ್ಟ ಇಲ್ಲಿದೆ. ಕಾರ್ಖಾನೆಯ ಮುಖ್ಯ ಗಿರಾಕಿಯೇ ಹೊಸ ಕೆಲಸ ಇಲ್ಲ ಎಂದರೆ ಯಂತ್ರ ಸರಿಯಿದ್ದೂ ಏನು ಪ್ರಯೋಜನ? ಎಂಟು ವಾರ ಹೊರಗಿನ ಲೆಕ್ಕಪರಿಶೋಧಕರು ಪರಿಶೀಲಿಸಿದರು. ನೇಮಕಾತಿಯ ತಂಡವನ್ನು ಹೊಸದಾಗಿ ಕಟ್ಟಲಾಯಿತು. ತಮ್ಮ ಹಕ್ಕುಗಳೇನು, ದೂರು ಹೇಗೆ ಹೇಳಬೇಕು ಎಂದು ಕಾರ್ಮಿಕರಿಗೆ ತರಬೇತಿ ಕೊಡಲಾಯಿತು. 2021ರ ಫೆಬ್ರವರಿಯಲ್ಲಷ್ಟೇ ಆಪಲ್ ಪ್ರಗತಿ ತೃಪ್ತಿಕರ ಎಂದು ಹೇಳಿ, ಪುನರಾರಂಭಕ್ಕೆ ಮುನ್ನ ನೇಮಕ ಮತ್ತು ತರಬೇತಿ ಶುರುವಾಗುತ್ತದೆ ಎಂದಿತು. ಮಾಡಿದ ಪ್ರತಿ ಹೆಚ್ಚುವರಿ ರೂಪಾಯಿಯ ಮೇಲೆ ಸರ್ಕಾರ ಹಣ ಕೊಡುತ್ತೇನೆ ಎಂದ ಮೊದಲ ವರ್ಷದಲ್ಲೇ ಇಷ್ಟು ದಿನ ಜೋಡಣೆಯ ಸಾಲುಗಳು ಖಾಲಿ. ಕೋವಿಡ್ ಕಾರಣಕ್ಕೆ ಆ ಯೋಜನೆಯ ಅವಧಿಯನ್ನು ಕೇಂದ್ರ ಸರ್ಕಾರ ಮುಂದೆ ಒಂದು ವರ್ಷ ವಿಸ್ತರಿಸಿದ್ದರಿಂದ ಪೆಟ್ಟು ಸ್ವಲ್ಪ ಮೆತ್ತಗಾಯಿತು ಎನ್ನುವುದನ್ನೂ ಹೇಳದಿದ್ದರೆ ಪ್ರಕರಣಕ್ಕೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಫೆಬ್ರವರಿಯಲ್ಲಿ ಮಾಡಿದ ಕೆಲಸಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಒಂದೂ ಹೊಸ ಆವಿಷ್ಕಾರವಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮು ಗುತ್ತಿಗೆದಾರ ಸಂಬಳ ಹಂಚುವಾಗ ಪ್ರಧಾನ ಉದ್ಯೋಗದಾತನ (ಕೆಲಸ ಮಾಡಿಸಿಕೊಳ್ಳುವ ಕಂಪನಿಯ) ಪ್ರತಿನಿಧಿ ಎದುರಿಗೇ ಇದ್ದು ದೃಢೀಕರಿಸಬೇಕು ಎನ್ನುತ್ತಿತ್ತು. ಗುತ್ತಿಗೆದಾರ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಉಳಿದದ್ದನ್ನು ಪ್ರಧಾನ ಉದ್ಯೋಗದಾತನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಿತ್ತು. ಕಾಯ್ದೆ ಮಾಡಿದವರಿಗೆ ಈ 'ಅವರನ್ನು ಕೇಳಿ, ಇವರನ್ನು ಕೇಳಿ' ಆಟ ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಆಪಲ್‌ನ ಸಂಹಿತೆ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸ ಒಂದೇ: ಕಾಯ್ದೆ ಮುರಿದರೆ ಬೀಳುತ್ತಿದ್ದ ದಂಡ ಸಣ್ಣದು, ಗಿರಾಕಿ ಮುನಿದರೆ ಬೀಳುವುದು ದೊಡ್ಡದು. ನಮ್ಮ ಕಾರ್ಮಿಕ ಇಲಾಖೆಗೆ ಆಗದ್ದು ಕ್ಯಾಲಿಫೋರ್ನಿಯಾದ ಒಂದು ಪತ್ರಿಕಾ ಹೇಳಿಕೆಯಿಂದ ಆಯಿತು ಎನ್ನುವುದನ್ನು ಹೆಮ್ಮೆಯಿಂದ ಪಾಠ ಮಾಡಲು ನನಗೆ ಆಗುವುದಿಲ್ಲ.

ಇನ್ನೊಂದು ಮಾತು. ಕಂಪನಿಗಳ ಸುಸ್ಥಿರತೆಯ ವರದಿಗಳು ಸಾಮಾನ್ಯವಾಗಿ ಸೌರಫಲಕ, ಗಿಡ, ಕೆರೆಗಳ ಚಿತ್ರಗಳಿಂದ ತುಂಬಿರುತ್ತವೆ. ನೀರಿಗೆ ಬಾಯಿಬಿಡುವ ನಮ್ಮ ಜಿಲ್ಲೆಯಲ್ಲಿ ಅದಕ್ಕೂ ಬೆಲೆಯಿದೆ. ಆದರೆ 2021ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ರೂಪಿಸಿ, 2022-23ರಿಂದ ದೊಡ್ಡ ಒಂದು ಸಾವಿರ ನೋಂದಾಯಿತ ಕಂಪನಿಗಳಿಗೆ ಕಡ್ಡಾಯ ಮಾಡಿದ ವರದಿಯ ನಮೂನೆಯಲ್ಲಿ ಕಾಯಂ ಕಾರ್ಮಿಕರಿಗೆ ಒಂದು ಸಾಲು, ಕಾಯಂ ಅಲ್ಲದವರಿಗೆ ಇನ್ನೊಂದು ಸಾಲು ಇದೆ. ನಾನು ಯಾವ ಕಂಪನಿಯ ವರದಿ ತೆರೆದರೂ ಮೊದಲು ಆ ಎರಡನೇ ಸಾಲಿಗೆ ಹೋಗುತ್ತೇನೆ. ಮರಗಳನ್ನು ಆಮೇಲೆ ಎಣಿಸಿದರಾಯಿತು.

ಹಾಗಾದರೆ ಕಂಪನಿ ಸೋತಿತೇ?

2023ರ ಅಕ್ಟೋಬರ್‌ನಲ್ಲಿ ವಿಸ್ಟ್ರಾನ್ ನರಸಾಪುರದ ಘಟಕವನ್ನು 12.5 ಕೋಟಿ ಡಾಲರ್‌ಗೆ ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಮಾರುವುದಾಗಿ ಪ್ರಕಟಿಸಿತು. ಪ್ರತಿ ವರ್ಷ ಯಾರಾದರೂ ಒಬ್ಬರು ಉತ್ತರಪತ್ರಿಕೆಯಲ್ಲಿ 'ಕಾರ್ಮಿಕರಿಗೆ ಅನ್ಯಾಯ ಮಾಡಿದ್ದರಿಂದ ಕಂಪನಿ ದೇಶ ಬಿಟ್ಟು ಹೋಗಬೇಕಾಯಿತು' ಎಂದು ಬರೆದಿರುತ್ತಾರೆ. ಓದಲು ಚೆನ್ನಾಗಿದೆ, ಅಂಕ ಕಳೆಯುತ್ತೇನೆ. ಏಕೆಂದರೆ ಡಿಸೆಂಬರ್‌ನ ಗಲಾಟೆಗೆ ಐದು ತಿಂಗಳ ಮುಂಚೆ, 2020ರ ಜುಲೈನಲ್ಲೇ, ವಿಸ್ಟ್ರಾನ್ ಚೀನಾದಲ್ಲಿದ್ದ ತನ್ನ ಐಫೋನ್ ಜೋಡಣೆಯ ವ್ಯವಹಾರವನ್ನು ಲಕ್ಸ್‌ಶೇರ್ ಕಂಪನಿಗೆ ಮಾರಲು ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿ ಯಾರೂ ಗಾಜು ಒಡೆದಿರಲಿಲ್ಲ. ಫೋನ್ ಜೋಡಿಸಿಕೊಡುವ ಕೆಲಸದಲ್ಲಿ ಉಳಿಯುವ ಲಾಭ ತೆಳು. ಆ ಕಸುಬಿನಿಂದ ಹಿಂದೆ ಸರಿಯುವ ಒಲವು ಕಂಪನಿಗೆ ಮೊದಲೇ ಇತ್ತು. ನರಸಾಪುರದ ಮಾರಾಟಕ್ಕೆ ಡಿಸೆಂಬರ್ 12 ಒಂದೇ ಕಾರಣ ಎನ್ನಲು ಆಧಾರವಿಲ್ಲ.

ಆ ತೆಳು ಲಾಭವೇ ನನ್ನ ಮಟ್ಟಿಗೆ ಪ್ರಕರಣದ ಗಂಟು. ಲಾಭ ತೆಳುವಾದಷ್ಟೂ ಮೊದಲು ಕತ್ತರಿ ಬೀಳುವುದು ಗಿರಾಕಿಯ ಕಣ್ಣಿಗೆ ಕಾಣದ ಕಡೆಗೆ: ಮಾನವ ಸಂಪನ್ಮೂಲ ವಿಭಾಗದ ಇನ್ನಿಬ್ಬರು ಗುಮಾಸ್ತರು, ಹಾಜರಿ ಯಂತ್ರದ ದುರಸ್ತಿ, ಕನ್ನಡದಲ್ಲಿ ಸಂಬಳದ ಚೀಟಿ. ದರವನ್ನು ಹಿಂಡುವವನೂ ನೀತಿಸಂಹಿತೆ ಬರೆಯುವವನೂ ಒಬ್ಬನೇ ಗಿರಾಕಿ. ಹಾಗಾಗಿ ಆಪಲ್ ಈ ಕಥೆಯಲ್ಲಿ ನ್ಯಾಯಾಧೀಶನಷ್ಟೇ ಅಲ್ಲ, ಪಕ್ಷಗಾರನೂ ಹೌದು. ಮಕ್ಕಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ; ಅರ್ಧ ತರಗತಿಯ ಕೈಯಲ್ಲಿ ಆ ಫೋನಿನ ಆಸೆಯಾದರೂ ಇದೆ.

ಇನ್ನು ನಷ್ಟವನ್ನು ಹೊತ್ತವರು ಯಾರು ಎಂದು ಕೇಳಿದರೆ ಉತ್ತರ ಕಂಪನಿಯ ಹಣಕಾಸು ಪಟ್ಟಿಯಲ್ಲಿ ಸಿಗುವುದಿಲ್ಲ. ಒಬ್ಬ ಉಪಾಧ್ಯಕ್ಷರ ಹುದ್ದೆ ಹೋಯಿತು. ಕಟ್ಟಡ ಹೊಸ ಮಾಲೀಕರ ಹೆಸರಿನಲ್ಲಿ ನಡೆಯುತ್ತಿದೆ. ಹೆದ್ದಾರಿಯಲ್ಲಿ ಕಂಪನಿ ಬಸ್ಸುಗಳ ಸಾಲು ಈಗಲೂ ಹಾಗೇ ಇದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಪೊಲೀಸ್ ಕೇಸು ಅಂಟಿಸಿಕೊಂಡವನು ಮಾತ್ರ ಮುಂದಿನ ಕೆಲಸದ ಅರ್ಜಿಯಲ್ಲಿ ಆ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂರಬೇಕು.

ತರಗತಿಯ ಕೊನೆಗೆ ನಕ್ಷೆ ಬಿಡಿಸುತ್ತೇನೆ. ನರಸಾಪುರದ ಮುಂದೆ ಹಾದುಹೋಗುವ ರಸ್ತೆ ಹಳೆಯ ರಾಷ್ಟ್ರೀಯ ಹೆದ್ದಾರಿ 4. ಮುಳಬಾಗಿಲು, ಚಿತ್ತೂರು, ರಾಣಿಪೇಟೆ ದಾಟಿ ಅದೇ ರಸ್ತೆ ಚೆನ್ನೈ ಹತ್ತಿರದ ಶ್ರೀಪೆರಂಬದೂರಿಗೆ ಹೋಗುತ್ತಿತ್ತು. ಅಲ್ಲಿಯೂ ಐಫೋನ್ ಜೋಡಿಸುವ ಕಾರ್ಖಾನೆಯಿದೆ, ಫಾಕ್ಸ್‌ಕಾನ್‌ನದು. ನರಸಾಪುರದ ಘಟನೆಗೆ ಸರಿಯಾಗಿ ಒಂದು ವರ್ಷವಾಗುವ ಹೊತ್ತಿಗೆ, 2021ರ ಡಿಸೆಂಬರ್‌ನಲ್ಲಿ, ಅಲ್ಲಿನ ಹಾಸ್ಟೆಲಿನಲ್ಲಿ ಊಟ ಮಾಡಿದ ಇನ್ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ವಿಷಾಹಾರದಿಂದ ಅಸ್ವಸ್ಥರಾದರು, 159 ಮಂದಿ ಆಸ್ಪತ್ರೆ ಸೇರಿದರು. ಜೊತೆಗಾರ್ತಿಯರು ಹೆದ್ದಾರಿ ತಡೆದು ಕೂತರು. ಕಾರ್ಖಾನೆ ಮುಚ್ಚಿತು. ಆಪಲ್ ಮತ್ತೆ ಅದೇ ಪರೀಕ್ಷಾರ್ಥ ನಿಗಾ ಘೋಷಿಸಿತು. 2022ರ ಜನವರಿ 12ಕ್ಕೆ ಬಾಗಿಲು ತೆರೆಯಿತು. 'ಅಲ್ಲಿ ಹಾಜರಿ ಸರಿಯಿತ್ತೇ ಸಾರ್?' ಎಂದು ಸಂಬಳದ ಚೀಟಿ ತಂದಿದ್ದ ಹುಡುಗ ಕೇಳಿದ. ಆ ಪ್ರಕರಣವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇನೆ. ಅಷ್ಟರೊಳಗೆ ಹಾಸ್ಟೆಲಿನ ಅಡುಗೆಮನೆಯ ಖರ್ಚು ಯಾವ ಕಂಪನಿಯ ಪುಸ್ತಕದಲ್ಲಿ, ಯಾವ ಖಾತೆಯ ಕೆಳಗೆ ಬರುತ್ತದೆ ಎಂದು ಎಲ್ಲರೂ ಬರೆದುಕೊಂಡು ಬರಬೇಕು.